ಜೀರಿಗೆಯಷ್ಟು ಕಾಳು, ನೂರು ವರ್ಷದ ದಾರಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೇ ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಮುಟ್ಟುವುದರೊಳಗೆ ಕೆಂಗಲ್ ಸಿಗುತ್ತದೆ. ರಸ್ತೆ ಪಕ್ಕದ ಆಂಜನೇಯನ ಗುಡಿ, ಸಂಕ್ರಾಂತಿ ಹೊತ್ತಿನ ದನಗಳ ಜಾತ್ರೆ, ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಮುಂದೆ ನಿಂತ ಊರು ಎಂಬ ಹಿರಿಮೆ ಇವು ಎಲ್ಲರಿಗೂ ಗೊತ್ತು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ದೂರದ ವಾಹನಗಳೆಲ್ಲ ಬೈಪಾಸ್ ಹಿಡಿದವು. ಸುತ್ತಲಿನ ಬಂಡೆಗುಡ್ಡಗಳು ಮಾತ್ರ ಯಾವ ರಸ್ತೆಯಲ್ಲಿ ಹೋದರೂ ಕಣ್ಣಿಗೆ ಬೀಳುತ್ತವೆ.

ಭೂವಿಜ್ಞಾನಿಗಳು ಈ ಬಂಡೆಗೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ರಾಮನಗರಕ್ಕೆ ಮೊದಲಿದ್ದ ಹೆಸರು ಅದು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ಲೆಕ್ಕ ಹಾಕಿದ್ದು ಬಂಡೆಯೊಳಗಿನ ಜಿರ್ಕಾನ್ ಎಂಬ ಪುಟ್ಟ ಹರಳುಗಳಲ್ಲಿರುವ ಯುರೇನಿಯಂ ನೋಡಿ. ಯುರೇನಿಯಂ ಒಂದು ನಿಗದಿತ ಗತಿಯಲ್ಲಿ ಕ್ಷಯಿಸುತ್ತ, ಹಲವು ರೂಪಗಳನ್ನು ದಾಟಿ, ಕೊನೆಗೆ ಸೀಸವಾಗಿ ನಿಲ್ಲುತ್ತದೆ. ಎಷ್ಟು ಸೀಸ ಸೇರಿದೆ ಎಂದು ಅಳೆದರೆ ಬಂಡೆಯ ವಯಸ್ಸು ಸಿಗುತ್ತದೆ. ಆ ದಾರಿಯ ನಡುವೆ ಬರುವ ಎರಡು ನಿಲ್ದಾಣಗಳು ರೇಡಿಯಂ ಮತ್ತು ರೇಡಾನ್. ಗ್ರಾನೈಟ್ ನಾಡುಗಳ ಕೊಳವೆಬಾವಿ ನೀರಿನಲ್ಲಿ ರೇಡಾನ್ ಅನಿಲದ ಸುಳಿವು ಸಿಗುವುದಕ್ಕೂ ಇದೇ ಕಾರಣ. ಕೆಂಗಲ್ಲಿನ ಕಲ್ಲಿನೊಳಗೆ ಕೋಟ್ಯಂತರ ವರ್ಷಗಳಿಂದ ಸದ್ದಿಲ್ಲದೆ ನಡೆದಿರುವ ಈ ಕ್ಷಯವನ್ನೇ ಇಪ್ಪತ್ತನೇ ಶತಮಾನದ ವೈದ್ಯರು ಹಿಡಿದು, ಗಾಜಿನ ಕೊಳವೆಗೆ ತುಂಬಿ, ಗಂಡಸಿನ ಪ್ರಾಸ್ಟೇಟ್ ಗ್ರಂಥಿಯೊಳಗೆ ಇಟ್ಟರು. ಅದು ಐವತ್ತರ ಆಸುಪಾಸಿನ ಗಂಡಸಿಗೂ ಭರವಸೆಯಿಂದ ಕೊಡಬಹುದಾದ ಚಿಕಿತ್ಸೆಯಾಗಲು ನೂರು ವರ್ಷ ಬೇಕಾಯಿತು.

ಶುರುವಾದದ್ದು ಪ್ಯಾರಿಸ್‌ನಲ್ಲಿ. ಮೇರಿ ಮತ್ತು ಪಿಯರ್ ಕ್ಯೂರಿ 1898ರಲ್ಲಿ ರೇಡಿಯಂ ಕಂಡುಹಿಡಿದರು. 1901ರಲ್ಲಿ ಹೆನ್ರಿ ಬೆಕರೆಲ್ ಅದರ ಒಂದು ಕೊಳವೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದಾಗ ಒಳಗಿನ ಚರ್ಮ ಸುಟ್ಟಿತು. ಅಂಗಾಂಶವನ್ನು ಸುಡುವ ವಸ್ತು ಗಂಟನ್ನೂ ಸುಡಬಹುದಲ್ಲ ಎಂಬ ಯೋಚನೆ ಅಲ್ಲಿಂದಲೇ ಹುಟ್ಟಿತು. ಪಿಯರ್ ಕ್ಯೂರಿ ಸ್ವಲ್ಪ ರೇಡಿಯಂ ಅನ್ನು ಸೇಂಟ್ ಲೂಯಿ ಆಸ್ಪತ್ರೆಯ ಚರ್ಮವೈದ್ಯ ಆನ್ರಿ ದಾನ್ಲೊ ಅವರ ಕೈಗೆ ಕೊಟ್ಟರು. 1903ರಲ್ಲಿ ಅಮೆರಿಕದಿಂದ ಇನ್ನೊಂದು ಸಲಹೆ ಬಂತು: ಚೂರು ರೇಡಿಯಂ ಅನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಮುಚ್ಚಿ ಕ್ಯಾನ್ಸರ್ ಗಂಟಿನ ನಟ್ಟನಡುವೆ ಇಟ್ಟರೆ ಏನಾಗುತ್ತದೆ? ಪತ್ರ ಬರೆದವರು ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್. ಹೊರಗಿನಿಂದ ಕಿರಣ ಹಾಯಿಸಿದರೆ ದಾರಿಯಲ್ಲಿರುವ ಒಳ್ಳೆಯ ಅಂಗಗಳಿಗೂ ಏಟು ಬೀಳುತ್ತದೆ. ಒಳಗೇ ಇಟ್ಟರೆ ಹತ್ತಿರದ ಕೋಶಗಳಿಗೆ ಹೆಚ್ಚು, ದೂರದವಕ್ಕೆ ತೀರ ಕಡಿಮೆ. ಬ್ರಾಕಿಥೆರಪಿ ಎಂದು ಇಂದು ಕರೆಸಿಕೊಳ್ಳುವ ಒಳವಿಕಿರಣ ಚಿಕಿತ್ಸೆಯ ತಿರುಳು ಇಷ್ಟೇ.

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ಗುದನಾಳಕ್ಕೆ ಒತ್ತಿಕೊಂಡು ಕೂತಿದೆ. ಕೈಗೆ ಸುಲಭವಾಗಿ ಸಿಗದ ಜಾಗ. 1911ರಲ್ಲಿ ಪ್ಯಾರಿಸ್‌ನ ಪಾಸ್ತೋ ಮೂತ್ರನಾಳದ ಮೂಲಕವೇ ರೇಡಿಯಂ ಕೊಳವೆ ತೂರಿಸಿದ ಪ್ರಯೋಗವನ್ನು ವರದಿ ಮಾಡಿದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹ್ಯೂ ಹ್ಯಾಂಪ್ಟನ್ ಯಂಗ್ 1904ರಲ್ಲೇ ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನು ಕೊಯ್ದು ತೆಗೆದಿದ್ದವರು. ಅವರೂ ಕೆಲವೇ ವರ್ಷಗಳಲ್ಲಿ ರೇಡಿಯಂ ಕೈಗೆತ್ತಿಕೊಂಡು ಮೂತ್ರನಾಳ, ಗುದನಾಳಗಳ ಕಡೆಯಿಂದ ಅದನ್ನು ಹತ್ತಿರ ಇಡಲು ಉಪಕರಣ ಮಾಡಿಸಿದರು. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಬೆಂಜಮಿನ್ ಬ್ಯಾರಿಂಜರ್ 1915ರ ಹೊತ್ತಿಗೆ ಇನ್ನೊಂದು ದಾರಿ ಹಿಡಿದರು. ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದ ಮೂಲಕ ಸೂಜಿ ಚುಚ್ಚಿ, ಗುದನಾಳದೊಳಗಿಟ್ಟ ಒಂದು ಬೆರಳಿನಿಂದ ಸೂಜಿಯ ತುದಿ ಎಲ್ಲಿದೆ ಎಂದು ಅಂದಾಜು ಮಾಡುತ್ತಿದ್ದರು. ಇವತ್ತಿಗೂ ಸೂಜಿ ಹೋಗುವ ದಾರಿ ಅದೇ. ಬೆರಳಿನ ಜಾಗಕ್ಕೆ ಅಲ್ಟ್ರಾಸೌಂಡ್ ಬಂದಿದೆ.

ಆ ಕಾಲದ ಆಸ್ಪತ್ರೆಗಳಲ್ಲಿ ರೇಡಿಯಂ ದ್ರಾವಣದಿಂದ ಹೊಮ್ಮುವ ರೇಡಾನ್ ಅನಿಲವನ್ನು ಪಂಪಿನಿಂದ ಎಳೆದು ಸಣ್ಣ ಕೊಳವೆಗಳಿಗೆ ತುಂಬುವ ಯಂತ್ರವೇ ಇರುತ್ತಿತ್ತು. ರೇಡಾನ್ ನಾಲ್ಕು ದಿನದೊಳಗೆ ಅರ್ಧವಾಗುತ್ತದೆ. ಹಾಗಾಗಿ ಆ ಕೊಳವೆಯನ್ನು ದೇಹದಲ್ಲೇ ಬಿಟ್ಟರೂ ಆಗುತ್ತಿತ್ತು. ರೇಡಿಯಂ ಹಾಗಲ್ಲ, ಅರ್ಧವಾಗಲು 1,600 ವರ್ಷ, ಇಟ್ಟದ್ದನ್ನು ತೆಗೆಯಲೇಬೇಕು. ಫಲಿತಾಂಶ ಏನಿತ್ತು? ಆಗ ಬರುತ್ತಿದ್ದ ಗಂಡಸರಲ್ಲಿ ಹೆಚ್ಚಿನವರಿಗೆ ಮೂತ್ರ ಕಟ್ಟಿ, ರೋಗ ಮೂಳೆಗೆ ಹಬ್ಬಿರುತ್ತಿತ್ತು. ಮೂತ್ರ ಬಿಡುವಷ್ಟು ಉಪಶಮನ ಸಿಕ್ಕಿದರೆ ವೈದ್ಯರು ಅದನ್ನೇ ಗೆಲುವು ಎಂದು ಬರೆದರು. ಗುದನಾಳ ತೂತಾದವರೂ ಇದ್ದರು. ಚಿಕ್ಕ ವಯಸ್ಸಿನವರ ಮಾತೇ ಆ ದಾಖಲೆಗಳಲ್ಲಿ ಅಪರೂಪ, ಏಕೆಂದರೆ ರೋಗ ಗೊತ್ತಾಗುವ ಹೊತ್ತಿಗೆ ಯಾರೂ ಚಿಕ್ಕವರಾಗಿ ಉಳಿದಿರುತ್ತಿರಲಿಲ್ಲ.

1941ರಲ್ಲಿ ಶಿಕಾಗೋದ ಚಾರ್ಲ್ಸ್ ಹಗ್ಗಿನ್ಸ್ ಗಂಡು ಹಾರ್ಮೋನನ್ನು ತಡೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ತೋರಿಸಿದರು. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಹೊರಗಿನಿಂದ ಕಿರಣ ಬಿಡುವ ಕೋಬಾಲ್ಟ್ ಯಂತ್ರಗಳೂ ಬಂದವು. ಗ್ರಂಥಿಯೊಳಗೆ ವಿಕಿರಣದ ಕೊಳವೆ ಹುದುಗಿಸುವ ಕಸುಬು ಹಿಂದೆ ಬಿತ್ತು.

ಇದೇ ಕಾಲದಲ್ಲಿ ಮೈಸೂರು ಸೀಮೆಯ ರೋಗಿಗಳಿಗೆ ಏನಿತ್ತು ಎಂಬುದು ನಮ್ಮ ಕಥೆಯ ಮುಖ್ಯ ಭಾಗ. 1934ರಲ್ಲಿ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ ತೆರೆಯಿತು. 1941ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್, 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಛಲದಿಂದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಬಂದವು. ಅನುಕೂಲಸ್ಥರು ರೈಲು ಹತ್ತಿ ಮದರಾಸಿಗೋ ವೆಲ್ಲೂರಿಗೋ ಮುಂಬಯಿಗೋ ಹೋಗುತ್ತಿದ್ದರು. ಕೆಂಗಲ್, ಮಾಗಡಿ, ಕನಕಪುರದ ಹಳ್ಳಿಯ ಬಡವನಿಗೆ ಅದು ಆಗದ ಮಾತು. ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಡೀಪ್ ಎಕ್ಸ್‌ರೇ ಯಂತ್ರಕ್ಕೆಂದು ಒಂದು ಲಕ್ಷ ರೂಪಾಯಿ ಕೊಡಿಸಿದ್ದು ಬೀಜವಾಗಿ, ಸರ್ಕಾರ ಇಪ್ಪತ್ತು ಎಕರೆ ಜಾಗ ಕೊಟ್ಟು, 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಶುರುವಾಯಿತು. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆಯಿತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಕಿದ್ವಾಯಿಗೆ ಬರ್ಕೊಟ್ಟವ್ರೆ’ ಎಂದರೆ ಸಾಕು, ರೋಗದ ಹೆಸರು ಹೇಳಬೇಕಿಲ್ಲ. ವಿಕಿರಣ ಚಿಕಿತ್ಸೆಗೆ ಜನ ಇಟ್ಟ ಹೆಸರು ‘ಕರೆಂಟು ಕೊಡೋದು’.

ಈ ಕಡೆಯ ಆಸ್ಪತ್ರೆಗಳಲ್ಲಿ ‘ಒಳಗಡೆ ಇಡೋ ಕರೆಂಟು’ ಮೊದಲು ಸಂದದ್ದು ಹೆಂಗಸರಿಗೆ. ಗರ್ಭಕೊರಳಿನ ಕ್ಯಾನ್ಸರ್ ನಮ್ಮ ಹಳ್ಳಿಯ ತಾಯಂದಿರನ್ನು ದಶಕಗಳ ಕಾಲ ಅತಿ ಹೆಚ್ಚು ಕಾಡಿದ ರೋಗಗಳಲ್ಲಿ ಒಂದು, ಮತ್ತು ಅದು ಮುಂದುವರಿದ ಹಂತದಲ್ಲಿದ್ದರೆ ಒಳವಿಕಿರಣವಿಲ್ಲದೆ ಪೂರ್ಣ ಚಿಕಿತ್ಸೆ ಇಲ್ಲ. ಹಳೆಯ ಪದ್ಧತಿಯಲ್ಲಿ ರೇಡಿಯಂ, ಆಮೇಲೆ ಸೀಸಿಯಂ ಕೊಳವೆಗಳನ್ನು ಒಳಗಿಟ್ಟು, ಎರಡು ಮೂರು ದಿನ ಅಲುಗಾಡದೆ ಮಲಗಿಸುತ್ತಿದ್ದರು. ಮಕ್ಕಳು ಹತ್ತಿರ ಬರುವಂತಿಲ್ಲ. ದಾದಿಯರು ಸೀಸದ ತಡೆಯ ಹಿಂದೆ ನಿಂತು ಮಾತನಾಡಿಸಿ ಹೋಗಬೇಕು. ಇಟ್ಟವರ ಬೆರಳಿಗೂ ವಿಕಿರಣದ ಪಾಲು ಬೀಳುತ್ತಿತ್ತು. ಖಾಲಿ ನಳಿಕೆಗಳನ್ನು ಮೊದಲು ಇಟ್ಟು, ವಿಕಿರಣ ವಸ್ತುವನ್ನು ಆಮೇಲೆ ತುಂಬುವ ‘ಆಫ್ಟರ್‌ಲೋಡಿಂಗ್’ ಕ್ರಮವನ್ನು ನ್ಯೂಯಾರ್ಕಿನಲ್ಲಿ ಉಲ್ರಿಚ್ ಹೆನ್ಷ್ಕೆ ಬೆಳೆಸಿದರು. ನಂತರ ಆ ಕೆಲಸವನ್ನು ಯಂತ್ರವೇ ವಹಿಸಿಕೊಂಡಿತು: ಉಕ್ಕಿನ ತಂತಿಯ ತುದಿಗೆ ಬೆಸೆದ ಇರಿಡಿಯಂ-192 ಚೂರು, ಎಲ್ಲಿ ಎಷ್ಟು ಸೆಕೆಂಡ್ ನಿಲ್ಲಬೇಕೆಂದು ಹೇಳುವ ಕಂಪ್ಯೂಟರ್, ನಡುವೆ ದಪ್ಪ ಗೋಡೆ. ದಿನಗಟ್ಟಲೆ ಹಿಡಿಯುತ್ತಿದ್ದದ್ದು ನಿಮಿಷಗಳಲ್ಲಿ ಮುಗಿಯತೊಡಗಿತು. ಇಂದು ಬೆಂಗಳೂರಿನಲ್ಲಿ ಗಂಡಸರ ಪ್ರಾಸ್ಟೇಟಿಗೆ ಇದೇ ಬಗೆಯ ಯಂತ್ರದಿಂದ ಚಿಕಿತ್ಸೆ ಕೊಡಲು ಸಾಧ್ಯವಾಗಿರುವುದು ಆ ತಾಯಂದಿರಿಂದಾಗಿ ಪಳಗಿದ ಕೈಗಳಿಂದ. ಈ ಋಣವನ್ನು ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸ ಬರೆಯುವವರು ಸರಿಯಾಗಿ ಹೇಳಿಲ್ಲ.

ಪ್ರಾಸ್ಟೇಟಿನ ಕಥೆಗೆ ಮರಳಿದರೆ, 1970ರ ದಶಕದ ಆರಂಭದಲ್ಲಿ ಮೆಮೋರಿಯಲ್ ಆಸ್ಪತ್ರೆಯ ವಿಲೆಟ್ ವಿಟ್ಮೋರ್ ಹೊಸ ಉತ್ಸಾಹ ತಂದರು. ಹೊಟ್ಟೆಯ ಕೆಳಭಾಗ ಕೊಯ್ದು, ಕಣ್ಣಿಗೆ ಕಾಣುವ ಗ್ರಂಥಿಗೆ ಕೈ ಅಂದಾಜಿನಲ್ಲಿ ಸೂಜಿ ಚುಚ್ಚಿ ಅಯೋಡಿನ್-125 ಕಾಳುಗಳನ್ನು ಬಿತ್ತುವ ವಿಧಾನ. ಅಯೋಡಿನ್-125ರ ಕಿರಣ ಬಲು ಮೆತ್ತಗಿನದು, ಕೆಲವು ಸೆಂಟಿಮೀಟರ್ ದಾಟುವುದರೊಳಗೆ ಬಹುಪಾಲು ಇಂಗುತ್ತದೆ. ಗುಣವೂ ಅದೇ, ತೊಡಕೂ ಅದೇ. ಕಾಳುಗಳ ನಡುವೆ ತುಸು ಜಾಗ ಬಿಟ್ಟುಹೋದರೆ ಅಲ್ಲಿನ ಕ್ಯಾನ್ಸರ್ ಕೋಶಗಳಿಗೆ ಏಟೇ ತಾಗುವುದಿಲ್ಲ. ಕೈ ಅಂದಾಜಿನಲ್ಲಿ ಹಾಕಿದ ಕಾಳುಗಳು ಒಂದು ಕಡೆ ಗುಂಪು, ಇನ್ನೊಂದು ಕಡೆ ಬಯಲು. ವರ್ಷಗಳು ಕಳೆದಂತೆ ಬಹಳ ಜನರಲ್ಲಿ ರೋಗ ಅದೇ ಜಾಗದಲ್ಲಿ ಮರುಕಳಿಸಿತು. ಅದೇ ಸಮಯದಲ್ಲಿ ಶಸ್ತ್ರಚಿಕಿತ್ಸೆ ಸುಧಾರಿಸಿತು. ‘ಕಾಳು ಚಿಕಿತ್ಸೆ ವಯಸ್ಸಾದವರಿಗೆ, ಹೆಚ್ಚು ಕಾಲ ಬದುಕಬೇಕಾದವರಿಗೆ ಕತ್ತಿ’ ಎಂಬ ನಂಬಿಕೆ ವೈದ್ಯರಲ್ಲಿ ಬೇರೂರಿದ್ದು ಆಗಲೇ. ವಿಟ್ಮೋರ್ ಸ್ವತಃ 1995ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡರು. ಯಾವ ರೋಗಿಗೆ ಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂಬ ಕಷ್ಟದ ಪ್ರಶ್ನೆಯನ್ನು ಬದುಕಿಡೀ ಕೇಳುತ್ತ ಬಂದ ಪ್ರಾಮಾಣಿಕ ವೈದ್ಯ ಅವರು.

ತಿರುವು ಬಂದದ್ದು ಡೆನ್ಮಾರ್ಕಿನಿಂದ. ಕೋಪನ್‌ಹೇಗನ್ ಬಳಿಯ ಹೆರ್ಲೆವ್ ಆಸ್ಪತ್ರೆಯ ಹಾನ್ಸ್ ಹೆನ್ರಿಕ್ ಹೋಲ್ಮ್ 1983ರಲ್ಲಿ ಗುದನಾಳದೊಳಗೆ ಅಲ್ಟ್ರಾಸೌಂಡ್ ದಂಡ ಇಟ್ಟು, ಪರದೆಯ ಮೇಲೆ ಗ್ರಂಥಿಯನ್ನೂ ಸೂಜಿಯನ್ನೂ ನೋಡುತ್ತಲೇ ಕಾಳು ಹಾಕುವ ಕ್ರಮ ಪ್ರಕಟಿಸಿದರು. ಅದನ್ನು ಕಲಿತ ಹೋಕನ್ ರಾಗ್ದೆ 1985ರಲ್ಲಿ ಜಾನ್ ಬ್ಲಾಸ್ಕೊ ಜೊತೆ ಅಮೆರಿಕದ ಸಿಯಾಟಲ್‌ನಲ್ಲಿ ಶುರುಮಾಡಿದರು. ಹೊಟ್ಟೆ ಕೊಯ್ಯುವ ಕೆಲಸ ತಪ್ಪಿತು. ಅದೇ ದಶಕದಲ್ಲಿ, ಪ್ರಾಸ್ಟೇಟ್ ಸ್ರವಿಸುವ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪಿಎಸ್‌ಎ ರಕ್ತಪರೀಕ್ಷೆ ಬಂತು. ಗಂಟು ಕೈಗೆ ಸಿಗುವ ಮೊದಲೇ, ಮೂತ್ರದ ತೊಂದರೆ ಶುರುವಾಗುವ ಮೊದಲೇ, ಐವತ್ತೈದರ ಗಂಡಸಿನಲ್ಲೂ ರೋಗ ಪತ್ತೆಯಾಗತೊಡಗಿತು. ಚಿಕ್ಕ ವಯಸ್ಸಿನ ರೋಗಿಗಳು ಎಂಬ ವರ್ಗವೇ ಹುಟ್ಟಿದ್ದು ಹೀಗೆ.

ಈಗ ಆ ಕಾಳನ್ನು ಹತ್ತಿರದಿಂದ ನೋಡೋಣ. ಉದ್ದ 4.5 ಮಿಲಿಮೀಟರ್, ಅಗಲ 0.8 ಮಿಲಿಮೀಟರ್; ಒಗ್ಗರಣೆ ಡಬ್ಬಿಯ ಜೀರಿಗೆಯಷ್ಟೇ. ಹೊರಗೆ ಟೈಟೇನಿಯಂ ಕವಚ, ಒಳಗೆ ಅಯೋಡಿನ್-125. ರೋಗಿಗೆ ಅರಿವಳಿಕೆ ಕೊಟ್ಟು, ಕಾಲುಗಳನ್ನು ಮೇಲೆತ್ತಿ ಮಲಗಿಸಿ, ತೊಡೆಸಂದಿಯ ಮುಂದೆ ಒಂದು ಚೌಕದ ಫಲಕ ನಿಲ್ಲಿಸುತ್ತಾರೆ. ಫಲಕದ ತುಂಬ ಅರ್ಧ ಸೆಂಟಿಮೀಟರಿಗೊಂದರಂತೆ ತೂತುಗಳು, ಅಡ್ಡಸಾಲಿಗೆ ಅಕ್ಷರ, ಉದ್ದಸಾಲಿಗೆ ಅಂಕಿ. ಭೌತವಿಜ್ಞಾನಿ ಯೋಜನೆಯ ಹಾಳೆ ನೋಡಿ ತೂತಿನ ಗುರುತು ಓದುತ್ತಾರೆ, ವೈದ್ಯರು ಅದೇ ತೂತಿನಲ್ಲಿ ಸೂಜಿ ತೂರಿಸುತ್ತಾರೆ, ಪರದೆಯ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ. ಸೂಜಿಯನ್ನು ಹಿಂದಕ್ಕೆಳೆಯುತ್ತ ಕಾಳುಗಳನ್ನು ಸಾಲಾಗಿ ಬಿಡುತ್ತಾರೆ. ಹೀಗೆ ಎಂಬತ್ತು, ನೂರು ಕಾಳುಗಳು. ನಡುವೆ ಹಾಯುವ ಮೂತ್ರನಾಳವನ್ನು ಬಳಸಿಕೊಂಡು, ಅಂಚುಗಳಲ್ಲಿ ಒತ್ತಾಗಿ. ಒಟ್ಟು ಗುರಿ 145 ಗ್ರೇ (ಗ್ರೇ ಎಂಬುದು ವಿಕಿರಣದ ಅಳತೆ). ಅಯೋಡಿನ್ ಸುಮಾರು 60 ದಿನಕ್ಕೆ ಅರ್ಧವಾಗುತ್ತದೆ, ಒಂದು ವರ್ಷದೊಳಗೆ ಅದರ ಬಲ ಬಹುತೇಕ ಮುಗಿಯುತ್ತದೆ, ಕವಚಗಳು ಬದುಕಿಡೀ ಅಲ್ಲೇ ಉಳಿಯುತ್ತವೆ.

ಮನೆಗೆ ಹೋದ ಮೇಲಿನ ನಿಯಮಗಳು ನಮ್ಮ ಕೂಡುಕುಟುಂಬಗಳಿಗೆ ತುಸು ಕಷ್ಟ. ಮೊದಲ ಕೆಲವು ವಾರ ಮೊಮ್ಮಗುವನ್ನು ಹೊತ್ತುಗಟ್ಟಲೆ ತೊಡೆ ಮೇಲೆ ಕೂರಿಸಿಕೊಳ್ಳುವಂತಿಲ್ಲ, ಬಸುರಿ ಸೊಸೆ ಪಕ್ಕದಲ್ಲೇ ಬಹಳ ಹೊತ್ತು ಕೂರಬಾರದು. ವರ್ಷದೊಳಗೆ ಬೇರೆ ಯಾವ ಕಾರಣಕ್ಕಾದರೂ ಸಾವು ಬಂದರೆ ದಹನಕ್ಕೆ ಮೊದಲು ಆಸ್ಪತ್ರೆಗೆ ತಿಳಿಸಬೇಕು. ಇದನ್ನು ಮೊದಲೇ ಬಾಯಿಬಿಟ್ಟು ಹೇಳುವ ವೈದ್ಯರು ಒಳ್ಳೆಯ ವೈದ್ಯರು.

ಇರಿಡಿಯಂ ವಿಧಾನದಲ್ಲಿ ಈ ತಾಪತ್ರಯ ಇಲ್ಲ. ಹದಿನೈದಿಪ್ಪತ್ತು ನಳಿಕೆ ತೂರಿಸಿ, ಇರಿಡಿಯಂ ಚೂರು ಒಳಗೆ ಹೋಗಿ ಬಂದ ಮೇಲೆ ಎಲ್ಲವನ್ನೂ ತೆಗೆಯುತ್ತಾರೆ. ಇದನ್ನು ಆರಿಸಿಕೊಂಡವರಲ್ಲಿ ಹೆಸರಾದವರು ಇಂಟೆಲ್ ಕಂಪನಿಯ ಮುಖ್ಯಸ್ಥ ಆ್ಯಂಡಿ ಗ್ರೋವ್. 1995ರಲ್ಲಿ, ಇನ್ನೂ ಅರವತ್ತು ತುಂಬದ ವಯಸ್ಸಿನಲ್ಲಿ ರೋಗ ಗೊತ್ತಾದಾಗ ಬಹುತೇಕ ವೈದ್ಯರು ಶಸ್ತ್ರಚಿಕಿತ್ಸೆಯತ್ತ ಬೆರಳು ತೋರಿದರು. ಗ್ರೋವ್ ಸಂಶೋಧನಾ ಪ್ರಬಂಧಗಳನ್ನು ತರಿಸಿ, ಕಂಪನಿಯ ಲೆಕ್ಕದಂತೆ ನಕ್ಷೆ ಬರೆದು ಹೋಲಿಸಿ, ಸಿಯಾಟಲ್‌ನಲ್ಲಿ ಒಳವಿಕಿರಣ, ಅದರ ಮೇಲೆ ಹೊರವಿಕಿರಣ ಪಡೆದರು. 1996ರ ಮೇ ತಿಂಗಳಲ್ಲಿ ‘ಫಾರ್ಚೂನ್’ ಪತ್ರಿಕೆಯಲ್ಲಿ ಅದನ್ನು ಬಹಿರಂಗವಾಗಿ ಬರೆದರು. ಗಂಡಸರು ಮುಚ್ಚಿಡುತ್ತಿದ್ದ ರೋಗದ ಬಗ್ಗೆ ಅಂಥದೊಂದು ಬರಹ ಅಪರೂಪವಾಗಿತ್ತು. ಅವರು ಚಿಕಿತ್ಸೆಯ ನಂತರ ಎರಡು ದಶಕ ಬದುಕಿ 2016ರ ಮಾರ್ಚ್‌ನಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಬ್ಬರ ಉದಾಹರಣೆಯಿಂದ ಏನೂ ಸಾಬೀತಾಗದು. ವೈದ್ಯರ ಅನುಮಾನಕ್ಕೂ ಬಲವಾದ ಕಾರಣವಿತ್ತು: ಎಪ್ಪತ್ತೈದರ ಅಜ್ಜನಿಗೆ ಹತ್ತು ವರ್ಷ ರೋಗ ತಡೆದರೆ ಸಾಕು, ಐವತ್ತೈದರವನಿಗೆ ಮೂವತ್ತು ವರ್ಷ ತಡೆಯಬೇಕು. ಉತ್ತರಕ್ಕೆ ಕಾಯಲೇಬೇಕಿತ್ತು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ತಂಡ 60 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ 378 ಗಂಡಸರನ್ನು ಹಿರಿಯರೊಂದಿಗೆ ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕ್ಕವರ ಫಲಿತಾಂಶ ಹಿರಿಯರಿಗಿಂತ ಕಡಿಮೆ ಇರಲಿಲ್ಲ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಸ್ಟೀಫನ್ ಲ್ಯಾಂಗ್ಲಿ ಮತ್ತು ಸಂಗಡಿಗರು 60ರೊಳಗಿನ 597 ಗಂಡಸರನ್ನು ಹಿಂಬಾಲಿಸಿ 2018ರಲ್ಲಿ ವರದಿ ಕೊಟ್ಟರು. ಹತ್ತು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ಕಡಿಮೆ ಅಪಾಯದ ಗುಂಪಿನಲ್ಲಿ ಸುಮಾರು ಶೇ 95, ಮಧ್ಯಮ ಅಪಾಯದಲ್ಲಿ ಶೇ 90, ಹೆಚ್ಚು ಅಪಾಯದಲ್ಲಿ ಶೇ 87. ಚಿಕಿತ್ಸೆಗೆ ಮೊದಲು ಲೈಂಗಿಕ ಶಕ್ತಿ ಚೆನ್ನಾಗಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಐದು ವರ್ಷದ ನಂತರವೂ ಅದನ್ನು ಉಳಿಸಿಕೊಂಡಿದ್ದರು.

ಕೊನೆಯ ಈ ಅಂಕಿ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಉತ್ತರ. ಐವತ್ತರ ಗಂಡಸು ಡಾಕ್ಟರ ಮುಂದೆ ಕೂತು ‘ಜೀವಕ್ಕೇನೂ ತೊಂದ್ರೆ ಇಲ್ವಲ್ಲ ಸಾರ್’ ಎಂದಷ್ಟೇ ಕೇಳಿ ಎದ್ದುಬರುತ್ತಾನೆ. ಹೆಂಡತಿ ಪಕ್ಕದಲ್ಲಿದ್ದರೆ ಅದೂ ಕಷ್ಟ. ಗಂಡ ಹೆಂಡಿರ ಬಾಳುವೆ, ಇನ್ನೊಂದು ಮಗು ಬೇಕೆಂಬ ಆಸೆ, ಇವೆಲ್ಲ ಚಿಕಿತ್ಸೆ ಆರಿಸುವಾಗ ಎದುರಿಗಿಟ್ಟುಕೊಳ್ಳಬೇಕಾದ ವಿಷಯಗಳು. ಒಳವಿಕಿರಣದ ನಂತರ ವೀರ್ಯದ ಪ್ರಮಾಣ ಇಳಿಯುತ್ತದೆ; ಮಗು ಬೇಕಿದ್ದವರು ಮೊದಲೇ ವೀರ್ಯ ಕಾದಿರಿಸುವುದು ಕ್ಷೇಮ. ಮೊದಲ ಕೆಲವು ತಿಂಗಳು ಮೂತ್ರ ಉರಿಯುತ್ತದೆ, ರಾತ್ರಿ ಪದೇ ಪದೇ ಏಳಿಸುತ್ತದೆ, ಕೆಲವರಿಗೆ ಕಟ್ಟಿ ನಳಿಕೆ ಹಾಕಬೇಕಾಗುತ್ತದೆ. ಮೂತ್ರ ತಡೆಯಲಾಗದೆ ಸೋರುವುದು ಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ಕಡಿಮೆ. ಹಲವು ದಶಕ ಬದುಕುವವರಲ್ಲಿ ಮೂತ್ರಕೋಶ, ಗುದನಾಳಗಳಲ್ಲಿ ವಿಕಿರಣದಿಂದಲೇ ಇನ್ನೊಂದು ಕ್ಯಾನ್ಸರ್ ಹುಟ್ಟುವ ಅಪಾಯ ಸಣ್ಣದಾದರೂ ಇದೆ. ವಯಸ್ಸು ಚಿಕ್ಕದಾದಷ್ಟೂ ಅದನ್ನು ಗಂಭೀರವಾಗಿ ತೂಗಬೇಕು.

ಚಿಕ್ಕ ವಯಸ್ಸಿನವರನ್ನೇ ಹೆಚ್ಚು ಕಾಡುವ ಇನ್ನೊಂದು ಸಂಗತಿ ಇದೆ. ಚಿಕಿತ್ಸೆಯ ನಂತರ ಪಿಎಸ್‌ಎ ಇಳಿಯುತ್ತ ಬರುತ್ತದೆ. ಒಂದೆರಡು ವರ್ಷದ ಹೊತ್ತಿಗೆ ಮೂವರಲ್ಲಿ ಒಬ್ಬರಿಗೆ ಇದ್ದಕ್ಕಿದ್ದಂತೆ ಏರಿ, ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ‘ಪಿಎಸ್‌ಎ ಬೌನ್ಸ್’ ಎನ್ನುವ ಈ ಏರಿಳಿತ ಚಿಕ್ಕವರಲ್ಲಿ ಹೆಚ್ಚು. ರೋಗ ಮರಳಿತೆಂದು ಹೆದರಿ, ಬೇಡದ ಹಾರ್ಮೋನ್ ಸೂಜಿ ಹಾಕಿಸಿಕೊಂಡವರು ಎಷ್ಟೋ. ಅತಿ ಕೆಳಗಿನ ಮಟ್ಟಕ್ಕಿಂತ ಮಿಲಿಲೀಟರಿಗೆ 2 ನ್ಯಾನೋಗ್ರಾಂ ಮೇಲೇರಿದರೆ ಮಾತ್ರ ಮರುಕಳಿಕೆ ಎಂದು ಗಣಿಸಬೇಕೆಂದು 2005ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಸೇರಿದ ತಜ್ಞರು ಒಪ್ಪಂದಕ್ಕೆ ಬಂದರು. ಬೌನ್ಸ್ ಕೆಲವೊಮ್ಮೆ ಆ ಗೆರೆಯನ್ನೂ ದಾಟುತ್ತದೆ. ಆಗ ಅವಸರ ಮಾಡದೆ ಮತ್ತೆ ಪರೀಕ್ಷಿಸುವ ತಾಳ್ಮೆ ರೋಗಿಗೂ ಬೇಕು, ವೈದ್ಯರಿಗೂ ಬೇಕು.

ಹೆಚ್ಚು ಅಪಾಯದ ರೋಗದಲ್ಲಿ ಒಳವಿಕಿರಣದ ಬಲವನ್ನು ತೋರಿಸಿದ್ದು ಕೆನಡಾದ ‘ಅಸೆಂಡ್-ಆರ್‌ಟಿ’ ಪ್ರಯೋಗ. 398 ಗಂಡಸರಲ್ಲಿ ಅರ್ಧ ಜನರಿಗೆ ಹೊರವಿಕಿರಣದ ಮೇಲೆ ಅಯೋಡಿನ್ ಕಾಳು, ಇನ್ನರ್ಧಕ್ಕೆ ಹೊರವಿಕಿರಣವನ್ನೇ ಹೆಚ್ಚಿಸಿ ಕೊಟ್ಟರು. ಒಂಬತ್ತು ವರ್ಷದ ಹೊತ್ತಿಗೆ ಪಿಎಸ್‌ಎ ಹತೋಟಿಯಲ್ಲಿದ್ದವರು ಶೇ 83 ಮತ್ತು ಶೇ 62. ಅಂತರ ದೊಡ್ಡದು. ಆದರೆ ಆಯಸ್ಸಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಕಾಳು ಹಾಕಿಸಿಕೊಂಡವರಲ್ಲಿ ಮೂತ್ರದ ಗಂಭೀರ ತೊಂದರೆಯೂ ಹೆಚ್ಚಿತ್ತು. ಇರಿಡಿಯಂ ವಿಧಾನದ ಅತಿ ಆಸೆಗೂ ಒಂದು ತಡೆ ಬಿದ್ದಿದೆ: ಒಂದೇ ಸಲಕ್ಕೆ 19 ಗ್ರೇ ಕೊಟ್ಟು ಕೆಲಸ ಮುಗಿಸಲು ಹೋದಾಗ, ಎರಡು ಸಲ 13.5 ಗ್ರೇ ಕೊಟ್ಟದ್ದಕ್ಕಿಂತ ಫಲ ಬಹಳ ಕೆಳಗಿತ್ತು. ಇನ್ನು ಕಡಿಮೆ ಅಪಾಯದವರಿಗೆ ಯಾವ ಚಿಕಿತ್ಸೆಯೂ ತಕ್ಷಣ ಬೇಕಿಲ್ಲದಿರಬಹುದು. ಬ್ರಿಟನ್ನಿನ ‘ಪ್ರೊಟೆಕ್ಟ್’ ಪ್ರಯೋಗದಲ್ಲಿ 1,643 ಗಂಡಸರನ್ನು ನಿಗಾ, ಶಸ್ತ್ರಚಿಕಿತ್ಸೆ, ಹೊರವಿಕಿರಣ ಎಂದು ಹಂಚಿ ಹದಿನೈದು ವರ್ಷ ಕಾದಾಗ, ಮೂರೂ ಗುಂಪಿನಲ್ಲಿ ಈ ರೋಗದಿಂದ ಸತ್ತವರು ಶೇ 3ರ ಆಸುಪಾಸು. ಐವತ್ತೈದರ ಗಂಡಸಿಗೆ ‘ಸದ್ಯ ನೋಡ್ತಾ ಇರೋಣ’ ಎನ್ನುವ ಧೈರ್ಯ ವೈದ್ಯರಿಗೆ ಈ ಅಂಕಿಯಿಂದ ಬರಬೇಕು.

ಇಷ್ಟೆಲ್ಲ ಫಲಿತಾಂಶ ದೂರದೂರಿನದು. ನಮ್ಮ ಕಡೆ ಕಾಳು ಹುದುಗಿಸುವ ವಿಧಾನ ಏಕೆ ಬೇರೂರಲಿಲ್ಲ? ಕಾಳಿನ ಅಭಾವ ಪೂರ್ತಿ ಕಾರಣವಲ್ಲ. ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರವೇ ಅಯೋಡಿನ್-125 ಕಾಳುಗಳನ್ನು ತಯಾರಿಸಿ ‘ಆಕ್ಯು-ಪ್ರಾಸ್ಟಾ’ ಎಂದು ಹೆಸರಿಟ್ಟಿತು, ಕಣ್ಣಿನ ಕ್ಯಾನ್ಸರಿಗೂ ಪ್ರಾಸ್ಟೇಟಿಗೂ ಎಂಬ ಅರ್ಥದಲ್ಲಿ. ಚೆನ್ನೈನ ಶಂಕರ ನೇತ್ರಾಲಯದಲ್ಲಿ ಅವು ಕಣ್ಣುಗಳನ್ನು ಉಳಿಸಿದವು. ಕಣ್ಣಿಗೆ ಕೆಲವೇ ಕಾಳು ಸಾಕು, ತೆಗೆದು ಮತ್ತೆ ಬಳಸಬಹುದು. ಪ್ರಾಸ್ಟೇಟಿಗೆ ಒಬ್ಬರಿಗೇ ನೂರು, ಅವೂ ವಾಪಸು ಬರುವಂತಿಲ್ಲ. ತರಿಸಿಟ್ಟರೆ ಎರಡು ತಿಂಗಳಲ್ಲಿ ಬಲ ಅರ್ಧ. ಒಂದೇ ಇರಿಡಿಯಂ ಮೂಲದಿಂದ ಮೂರು ನಾಲ್ಕು ತಿಂಗಳು ನೂರಾರು ರೋಗಿಗಳಿಗೆ ಚಿಕಿತ್ಸೆ ಕೊಡಬಹುದಾದ ಆಸ್ಪತ್ರೆ, ಅದನ್ನು ಬಿಟ್ಟು ಕಾಳಿನ ಹಿಂದೆ ಹೋಗುವುದಿಲ್ಲ.

ದೊಡ್ಡ ಕಾರಣ ಬೇರೆ. ಕಾಳು ಕೆಲಸ ಮಾಡುವುದು ರೋಗ ಗ್ರಂಥಿಯೊಳಗೇ ಇರುವಾಗ. ಚನ್ನಪಟ್ಟಣದ ಬೊಂಬೆ ಅಂಗಡಿಯಲ್ಲಿ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದಿನವಿಡೀ ದುಡಿಯುವ ಗಂಡಸಿಗೆ ಮೂತ್ರ ಸಣ್ಣಗೆ ಬಂದರೆ, ರಾತ್ರಿ ನಾಲ್ಕು ಸಲ ಏಳಬೇಕಾದರೆ, ಮನೆಯ ಹಿರಿಯರು ಹೇಳುವ ಮಾತು ಒಂದೇ: ‘ವಯಸ್ಸಾದ್ಮೇಲೆ ಇದ್ದದ್ದೇ ಕಣಪ್ಪ.’ ಅನೇಕ ಬಾರಿ ಅದು ನಿಜವೂ ಹೌದು, ಗ್ರಂಥಿ ಸುಮ್ಮನೆ ಊದಿಕೊಂಡಿರುತ್ತದೆ. ಕ್ಯಾನ್ಸರ್ ಆಗಿದ್ದರೆ ಮಾತ್ರ ಸೊಂಟನೋವು ಶುರುವಾದ ಮೇಲೆ, ಅಂದರೆ ಮೂಳೆಗೆ ಹಬ್ಬಿದ ಮೇಲೆ, ಗೊತ್ತಾಗುತ್ತದೆ. ಆ ಹಂತದಲ್ಲಿ ಹಗ್ಗಿನ್ಸ್ ತೋರಿಸಿದ ಹಾರ್ಮೋನ್ ದಾರಿಯೇ ಮುಖ್ಯ. ತಂದೆಗೋ ಅಣ್ಣನಿಗೋ ಈ ರೋಗ ಬಂದಿದ್ದರೆ ಗಂಡುಮಕ್ಕಳು, ತಮ್ಮಂದಿರು ನಲವತ್ತೈದರ ನಂತರ ವೈದ್ಯರನ್ನು ಕಂಡು ಪಿಎಸ್‌ಎ ವಿಚಾರ ಮಾತನಾಡುವುದು ಒಳ್ಳೆಯದು. ರಕ್ತಪರೀಕ್ಷೆ ರಾಮನಗರದಲ್ಲೇ ಆಗುತ್ತದೆ.

1982ರಿಂದ ಕಿದ್ವಾಯಿಯಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮದ ಮೊದಲ ಮೂರು ನಗರ ನೋಂದಣಿಗಳಲ್ಲಿ ಅದೂ ಒಂದು; ಮುಂಬಯಿ, ಚೆನ್ನೈ ಉಳಿದೆರಡು. ಈ ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಏರುತ್ತ ಬಂದು ಮುಂಚೂಣಿಯ ಸಾಲಿಗೆ ಸೇರಿರುವುದನ್ನು ತೋರಿಸಿದ್ದು ಅದೇ. ಆದರೆ ಆ ನೋಂದಣಿಯ ಎಲ್ಲೆ ನಗರಕ್ಕೆ ಮುಗಿಯುತ್ತದೆ. ಐವತ್ತು ಕಿಲೋಮೀಟರ್ ಆಚೆಯ ಕೆಂಗಲ್ಲಿನ ಗಂಡಸು ಬಸ್ಸು ಹಿಡಿದು ಬಂದು ಚಿಕಿತ್ಸೆ ಪಡೆದರೆ ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರಿರುತ್ತದೆ, ನಗರದ ಲೆಕ್ಕದಲ್ಲಿ ಇರುವುದಿಲ್ಲ. ಗಿಲ್ಡ್‌ಫರ್ಡ್‌ನ 597 ಜನರ ಹತ್ತು ವರ್ಷದ ಫಲಿತಾಂಶ ಸಿಕ್ಕಿದ್ದು ಚಿಕಿತ್ಸೆ ಮುಗಿದ ಮೇಲೂ ವರ್ಷವರ್ಷ ಅವರ ಪಿಎಸ್‌ಎ ಬರೆದಿಟ್ಟಿದ್ದರಿಂದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ತೆಗೆದು, ಆ ಅಂಕಿ ಬೆಂಗಳೂರಿನ ವೈದ್ಯರ ಕಡತಕ್ಕೆ ಸೇರುವಂತಾದರೆ, ದಿನಗೂಲಿ ಬಿಟ್ಟು ಆರು ತಿಂಗಳಿಗೊಮ್ಮೆ ಅಲ್ಲಿಯವರೆಗೆ ಹೋಗಲಾಗದೆ ತಪ್ಪಿಹೋಗುವವರ ಲೆಕ್ಕವೂ ಸಿಗುತ್ತದೆ.